ಇಂಗ್ಲೆಂಡಿನ ಪ್ರೈಮರಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್ ಅಪ್ರೆಂಟಿಸ್‌ಶಿಪ್: ಸೇರಿದವರು ಯಾರಾದರೂ ಇದ್ದೀರಾ?

ಮಲೆನಾಡ ಮಳೆ:

ಎಲ್ಲರಿಗೂ ನಮಸ್ಕಾರ. ನಾವು ರೆಡಿಂಗ್‌ನಲ್ಲಿದ್ದೇವೆ. ಯಜಮಾನರದ್ದು ಸ್ಕಿಲ್ಡ್ ವರ್ಕರ್ ವೀಸಾ, ನಾನು ಡಿಪೆಂಡೆಂಟ್. ಬಂದು ಮೂರು ವರ್ಷ ದಾಟಿದೆ. ಊರಲ್ಲಿದ್ದಾಗ ಬಿ.ಕಾಂ ಮುಗಿಸಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ, ಮಗಳು ಹುಟ್ಟಿದ ಮೇಲೆ ಬಿಟ್ಟೆ. ಈಗ ಅವಳು ಇಯರ್ ಟೂ, ಅಂದ್ರೆ ಆರೇಳು ವರ್ಷದವರ ಕ್ಲಾಸು. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು ಬಂದು ಮೂರು ಗಂಟೆಯವರೆಗೆ ಮನೆಯಲ್ಲಿ ಸುಮ್ನೆ ಕೂರೋದು ಸಾಕಾಗಿದೆ.

ನಮ್ಮ ಏರಿಯಾದ ಇನ್ನೊಂದು ಪ್ರೈಮರಿ ಶಾಲೆಯವರು ಟೀಚಿಂಗ್ ಅಸಿಸ್ಟೆಂಟ್ ಅಪ್ರೆಂಟಿಸ್, ಅಂದ್ರೆ ಸಂಬಳಕ್ಕೆ ಕೆಲಸ ಮಾಡುತ್ತಲೇ ಟೀಚರ್‌ಗೆ ಸಹಾಯಕರಾಗಿ ಕಲಿಯುವವರು, ಬೇಕು ಅಂತ ಹಾಕಿದ್ದಾರೆ. ಲೆವೆಲ್ 3 (ಹೆಚ್ಚುಕಡಿಮೆ ನಮ್ಮ ಪಿಯುಸಿ ಮಟ್ಟ), ರಿಸೆಪ್ಷನ್ (ಇಲ್ಲಿನ ಶಾಲೆಯ ಮೊದಲ ಕ್ಲಾಸು) ಮತ್ತು ಇಯರ್ ಒನ್ ಮಕ್ಕಳ ಜೊತೆ, ವಾರಕ್ಕೆ 30 ಗಂಟೆ, ಟರ್ಮ್ ಇರುವಾಗ ಮಾತ್ರ ಕೆಲಸ. ಓದಿದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಚಿಕ್ಕ ಮಕ್ಕಳು ಅಂದ್ರೆ ನನಗೆ ಇಷ್ಟ, ಆದರೆ ಇಷ್ಟ ಇದ್ದ ಮಾತ್ರಕ್ಕೆ ಈ ಕೆಲಸ ಕೈಗೆ ಹತ್ತುತ್ತಾ ಗೊತ್ತಿಲ್ಲ.

ನನಗೀಗ 34. ಅಪ್ರೆಂಟಿಸ್ ಅಂದ್ರೆ ಆಗ ತಾನೇ ಶಾಲೆ ಮುಗಿಸಿದ ಹುಡುಗ ಹುಡುಗಿಯರಿಗೆ ಅಲ್ವಾ? ಡಿಗ್ರಿ ಇದ್ದವರನ್ನು ತಗೋತಾರಾ? ನನ್ನ ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ ಅಂತ ಇದೆ, ಕೋರ್ಸಿನ ದುಡ್ಡು ಸರ್ಕಾರದ್ದು ಅಂತಾರೆ, ಮುಂದೆ ಐಎಲ್‌ಆರ್‌ಗೆ (ಇಲ್ಲೇ ಕಾಯಂ ಇರುವ ಅನುಮತಿಗೆ) ಹಾಕುವಾಗ ಇದೇ ಕುತ್ತಿಗೆಗೆ ಬರುತ್ತಾ ಅನ್ನೋ ಹೆದರಿಕೆ. ಸಂಬಳದ ಕಡೆ ‘ಅಪ್ರೆಂಟಿಸ್ ದರ’ ಅಂತ ಮಾತ್ರ ಬರೆದಿದ್ದಾರೆ. ಇನ್ನೊಂದು ವಿಷಯ, ಫೋನಿನಲ್ಲಿ ಅತ್ತೆಗೆ ಹೇಳಿದಾಗ ‘ಇಷ್ಟು ಓದಿ ಅಲ್ಲಿ ಹೋಗಿ ಆಯಾ ಕೆಲಸ ಮಾಡ್ತೀಯಾ’ ಅಂದರು. ಬೇಜಾರಾಯ್ತು. ಕ್ಲಾಸಿನ ಒಳಗೆ ನಿಜವಾಗಿ ಏನು ಮಾಡಿಸುತ್ತಾರೆ, ಮಾಡಿದವರೇ ಹೇಳಿ.

ನರಸೀಪುರದವಳು:

ನಾನು ಇದೇ ಕೋರ್ಸ್ ಮುಗಿಸಿ ಈಗ ರಿಸೆಪ್ಷನ್ ಕ್ಲಾಸಿನಲ್ಲಿ ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಿದ್ದೇನೆ, ಸ್ಲೌ ಊರಿನ ಕಡೆ. ಹೇಳೋದು ತುಂಬಾ ಇದೆ, ಉದ್ದ ಆಗುತ್ತೆ, ಪೂರ್ತಿ ಓದಿ.

ವಯಸ್ಸಿನ ಚಿಂತೆ ಬಿಟ್ಟುಬಿಡಿ. 16 ದಾಟಿದ ಯಾರು ಬೇಕಾದರೂ ಸೇರಬಹುದು, ಮೇಲಿನ ಮಿತಿ ಇಲ್ಲ. ನನ್ನ ಬ್ಯಾಚಿನಲ್ಲಿ ಮಕ್ಕಳು ಸ್ಕೂಲಿಗೆ ಹೋಗಲು ಶುರುವಾದ ಮೇಲೆ ಬಂದ ಅಮ್ಮಂದಿರೇ ಜಾಸ್ತಿ. ಡಿಗ್ರಿಯೂ ಅಡ್ಡ ಬರಲ್ಲ. ಈ ಕೋರ್ಸಿನಲ್ಲಿ ನೀವು ಹೊಸದಾಗಿ ಕಲಿಯುವುದು ಸಾಕಷ್ಟು ಇರಬೇಕು ಅನ್ನೋದಷ್ಟೇ ನಿಯಮ, ಬಿ.ಕಾಂನಲ್ಲಿ ಇದ್ಯಾವುದೂ ಕಲಿಸಿಲ್ಲವಲ್ಲ, ಹಾಗಾಗಿ ತೊಂದರೆ ಇಲ್ಲ.

ವೀಸಾ ವಿಷಯ ಸರಿಯಾಗಿ ತಿಳಿದುಕೊಳ್ಳಿ, ಯಾಕಂದ್ರೆ ವಾಟ್ಸಾಪ್ ಗುಂಪುಗಳಲ್ಲಿ ಇದರ ಬಗ್ಗೆ ಏನೇನೋ ಓಡಾಡುತ್ತೆ. ನಮ್ಮಂಥ ವೀಸಾದವರಿಗೆ ಇಂಗ್ಲೆಂಡಿನಲ್ಲಿ ತರಬೇತಿಯ ಹಣ ಸಿಗಬೇಕಾದರೆ, ಕೋರ್ಸ್ ಶುರುವಾಗುವ ದಿನಕ್ಕೆ ಹಿಂದಿನ ಮೂರು ವರ್ಷ ಈ ದೇಶದಲ್ಲೇ ನೆಲೆಸಿರಬೇಕು. ನೀವು ದಾಟಿದ್ದೀರಿ. ಓದಲಿಕ್ಕೆ ಅಂತ ಸ್ಟೂಡೆಂಟ್ ವೀಸಾದಲ್ಲಿ ಬಂದವರ ಲೆಕ್ಕ ಬೇರೆ, ಅವರು ಮೊದಲೇ ವಿಚಾರಿಸಬೇಕು. ಇನ್ನು ‘ಪಬ್ಲಿಕ್ ಫಂಡ್ಸ್’ ಅಂದ್ರೆ ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಕೌನ್ಸಿಲ್ ಮನೆ ಇಂಥವು. ಅಪ್ರೆಂಟಿಸ್ ತರಬೇತಿಯ ಹಣ ಅದರಲ್ಲಿ ಬರಲ್ಲ. ಆದರೂ ಟ್ರೈನಿಂಗ್ ಕೊಡುವವರಿಂದ ‘ನೀವು ಅರ್ಹರು’ ಅಂತ ಒಂದು ಇಮೇಲ್ ತರಿಸಿಕೊಂಡು ಇಟ್ಟುಕೊಳ್ಳಿ, ಮನಸ್ಸಿಗೆ ಸಮಾಧಾನ. ಕೋರ್ಸಿಗೆ ಅಂತ ನಿಮ್ಮಿಂದ ಒಂದು ಪೆನ್ನಿಯನ್ನೂ ಕೇಳುವ ಹಾಗಿಲ್ಲ. ಯಾರಾದರೂ ಕೇಳಿದರೆ ಅವರ ಸಹವಾಸವೇ ಬೇಡ.

ಸಂಬಳ ಕಡಿಮೆ. ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. 2026ರ ಏಪ್ರಿಲ್‌ನಿಂದ ಅಪ್ರೆಂಟಿಸ್ ಕನಿಷ್ಠ ದರ ಗಂಟೆಗೆ 8 ಪೌಂಡ್. ನಿಮ್ಮ ವಯಸ್ಸಿನವರಿಗೆ ಮೊದಲ ವರ್ಷ ಮಾತ್ರ ಇದನ್ನು ಕೊಡಬಹುದು, ಆಮೇಲೆ 21 ತುಂಬಿದ ಎಲ್ಲರಿಗೂ ಇರುವ ಕನಿಷ್ಠ ಕೂಲಿ, ಅಂದ್ರೆ 12.71 ಪೌಂಡ್ ಕೊಡಲೇಬೇಕು. ಟರ್ಮ್ ಟೈಮ್ ಅಂದಾಗ 52 ವಾರದ ಸಂಬಳ ಅಂದುಕೊಳ್ಳಬೇಡಿ. ಶಾಲೆ ನಡೆಯುವ 39 ವಾರ, ಅದಕ್ಕೆ ರಜೆಯ ಸಂಬಳ ಸೇರಿಸಿದರೆ ಹತ್ತಿರ ಹತ್ತಿರ 45 ವಾರ. ವಾರಕ್ಕೆ 240 ಪೌಂಡ್ ಅಂದ್ರೆ ವರ್ಷಕ್ಕೆ 10,800, ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 900. ಲೆಕ್ಕ ಬರೆದವರು ನೀವು, ನನಗಿಂತ ಚೆನ್ನಾಗಿ ಗೊತ್ತಾಗುತ್ತೆ. ಮೊದಲ ದಿನದಿಂದಲೇ ಜಾಸ್ತಿ ಕೊಡುವ ಶಾಲೆಗಳೂ ಇವೆ, ಅದಕ್ಕೇ ಫೋನ್ ಮಾಡಿ ಕೇಳಿ, ಸಂಕೋಚ ಬೇಡ.

ಈಗ ಆಯಾ ಕೆಲಸದ ಮಾತು. ಆ ಕೆಲಸವೂ ಇದೆ. ರಿಸೆಪ್ಷನ್ ಅಂದ್ರೆ ನಾಲ್ಕು, ಐದು ವರ್ಷದ ಮಕ್ಕಳು. ಕೋಟಿನ ಜಿಪ್ಪು, ಎಡಗಾಲಿನ ಬೂಟು ಬಲಗಾಲಿಗೆ, ಸುರಿಯುವ ಮೂಗು, ಒದ್ದೆಯಾದ ಚಡ್ಡಿ. ಚಡ್ಡಿ ಒದ್ದೆ ಮಾಡಿಕೊಂಡ ಮಗು ಹೇಳಲ್ಲ, ಮರಳಿನ ಟ್ರೇ ಹತ್ತಿರ ಕಾಲು ಜೋಡಿಸಿಕೊಂಡು ಅಲ್ಲಾಡದೆ ನಿಂತಿರುತ್ತೆ. ಬೇರೆ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಅದನ್ನು ಕರೆದುಕೊಂಡು ಹೋಗಿ, ಶಾಲೆಯ ನಿಯಮದ ಪ್ರಕಾರ ಬಟ್ಟೆ ಬದಲಾಯಿಸಿ, ಬರೆದಿಟ್ಟು, ಐದು ನಿಮಿಷದಲ್ಲಿ ಮತ್ತೆ ಆಟಕ್ಕೆ ಬಿಡಬೇಕು. ಮಗುವಿನ ಮಾನ ಉಳಿಸೋ ಕೆಲಸ ಅದು. ನನಗೆ ಯಾವತ್ತೂ ಕೀಳು ಅನಿಸಿಲ್ಲ. 1975ರಲ್ಲಿ ಐಸಿಡಿಎಸ್, ಅಂದ್ರೆ ಅಂಗನವಾಡಿ ಯೋಜನೆ, ಶುರುವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ಬಂದಿದ್ದು ನಮ್ಮ ಟಿ. ನರಸೀಪುರದಲ್ಲೇ. ಅಲ್ಲಿನ ಸಹಾಯಕಿಯರ ಕೈಯಲ್ಲಿ ಬೆಳೆದವರು ನಾವು, ಅವರ ಕೆಲಸವನ್ನು ಹಗುರವಾಗಿ ಮಾತಾಡಿದರೆ ನನಗೆ ತಡೆಯಲ್ಲ.

ಆದರೆ ಕೆಲಸ ಅಷ್ಟಕ್ಕೇ ಮುಗಿಯಲ್ಲ. ಬೆಳಿಗ್ಗೆ ಹಾಜರಿ ಆದ ತಕ್ಷಣ ಫೋನಿಕ್ಸ್. ಐದಾರು ಮಕ್ಕಳ ಗುಂಪನ್ನು ನಿಮ್ಮ ಕೈಗೆ ಕೊಡ್ತಾರೆ. ಇಲ್ಲಿ ಅಕ್ಷರದ ಹೆಸರಿಗಿಂತ ಮೊದಲು ಸದ್ದು ಕಲಿಸೋದು. ‘ಕ್ಯಾಟ್’ ಓದಿಸುವಾಗ ಕ, ಅ, ಟ ಅಂದ್ರೆ ಮಗುವಿನ ಕಿವಿಗೆ ಮೂರು ತುಂಡು ಬೀಳುತ್ತೆ, ಪದ ಕೂಡಲ್ಲ. ಕ್, ಆ್ಯ, ಟ್ ಅಂತ ಕೊನೆಗೆ ಅಕಾರ ಅಂಟಿಸದೆ ಹೇಳಬೇಕು. ಇಲ್ಲಿ ಹುಟ್ಟಿ ಬೆಳೆದ ನನ್ನ ಜೊತೆಯವರು ಇದಕ್ಕೆ ಒದ್ದಾಡಿದರು, ಕಾಗುಣಿತ ತಿದ್ದಿ ಬೆಳೆದ ನಮಗೆ ಕ ಬೇರೆ ಕ್ ಬೇರೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ನಾವು ತಿದ್ದಿಕೊಳ್ಳಬೇಕಾಗಿರೋದು ವಿ ಮತ್ತು ಡಬ್ಲ್ಯು. ವಿ ಅಂದಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಡಬ್ಲ್ಯು ಅಂದಾಗ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ. ಇಯರ್ ಒನ್ ಮಕ್ಕಳಿಗೆ ಜೂನ್‌ನಲ್ಲಿ 40 ಪದಗಳ ಫೋನಿಕ್ಸ್ ಪರೀಕ್ಷೆ ಇರುತ್ತೆ, ಅದರಲ್ಲಿ ಅರ್ಧ ಅರ್ಥವೇ ಇಲ್ಲದ ಪದಗಳು, ಬಾಯಿಪಾಠದಿಂದ ದಾಟುವ ಹಾಗಿಲ್ಲ. ಮಗು ಸದ್ದು ಕೂಡಿಸಿ ತಾನೇ ಓದಬೇಕು. ಅದನ್ನು ಕೂಡಿಸೋದು ಕಲಿಸುವವರಲ್ಲಿ ನೀವೂ ಒಬ್ಬರಾಗಿರ್ತೀರಿ.

ಹುಬ್ಬಳ್ಳಿ ಮಂದಿ:

ಮೇಲಿನ ಅಕ್ಕ ಎಲ್ಲಾ ಚೆನ್ನಾಗಿ ಹೇಳಿದ್ದಾರೆ. ನಾನು ಗಂಡಸು, ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ನಾನೂ ಡಿಪೆಂಡೆಂಟ್ ಆಗಿಯೇ ಬಂದವನು. ಗಂಡಸರೂ ಈ ಕೆಲಸ ಮಾಡಬಹುದು ನೋಡ್ರಿ, ನಮ್ಮವರು ಯಾರಾದರೂ ಓದುತ್ತಿದ್ದರೆ ತಿಳಿಯಲಿ ಅಂತ ಬರೆಯುತ್ತಿದ್ದೇನೆ. ಗಂಡಸು ಟಿಎ ಸಿಗೋದೇ ಕಡಿಮೆ, ಕೆಲವು ಮಕ್ಕಳಿಗೆ ಅದು ಬೇಕಾಗಿರುತ್ತೆ.

ನಾನು ಇರೋದು ಇಯರ್ ತ್ರೀಯಲ್ಲಿ, ಆಟಿಸಂ ಇರುವ ಒಬ್ಬ ಹುಡುಗನ ಜೊತೆ. ಅವನಿಗೆ ಇಎಚ್‌ಸಿಪಿ ಇದೆ, ಅಂದ್ರೆ ಅವನಿಗೆ ಏನೇನು ಸಹಾಯ ಸಿಗಬೇಕು ಅಂತ ಕೌನ್ಸಿಲ್ ಬರೆದುಕೊಟ್ಟ ಯೋಜನೆ. ಅಪ್ರೆಂಟಿಸ್ ಆಗಿ ಸೇರಿದವರಿಗೂ ಇಂಥ ಮಗುವಿನ ಜೊತೆ ಕೆಲಸ ಬರಬಹುದು, ಅದಕ್ಕೆ ಸಿದ್ಧವಾಗಿರಿ. ನನ್ನ ಕುತ್ತಿಗೆಯಲ್ಲಿ ಒಂದು ಚಿಕ್ಕ ಬೋರ್ಡು ನೇತಾಡುತ್ತಿರುತ್ತೆ. ಎಡಕ್ಕೆ ‘ಈಗ’, ಬಲಕ್ಕೆ ‘ಆಮೇಲೆ’. ಈಗ ಲೆಕ್ಕ, ಆಮೇಲೆ ಲೆಗೋ. ಚಿತ್ರ ಅಂಟಿಸಿ ತೋರಿಸೋದು, ಮಾತು ಕಡಿಮೆ. ಒಂದು ದಿನ ಫೈರ್ ಅಲಾರಂ ಡ್ರಿಲ್ ಆದಮೇಲೆ ಒಳಗೆ ಬಂದವನು ಟೇಬಲ್ ಕೆಳಗೆ ಸೇರಿ ಕಿವಿ ಮುಚ್ಚಿಕೊಂಡುಬಿಟ್ಟ. ನಮ್ಮ ಕಡೆ ಆಗಿದ್ರೆ ನಾಲ್ಕು ಜನ ಸುತ್ತ ನಿಂತು ‘ಬಾರಪ್ಪ, ಬಾರಪ್ಪ’ ಅಂತಿದ್ದರು. ನನಗೆ ಸೆಂಕೋ, ಅಂದ್ರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಟೀಚರ್, ಹೇಳಿಕೊಟ್ಟಿದ್ದು ಏನಂದ್ರೆ ಆಗ ಮಾತು ಸೇರಿಸಬೇಡ. ಸದ್ದು ತಡೆಯುವ ಹೆಡ್‌ಫೋನ್ ಅವನ ಕೈಗೆ ಸಿಗುವ ಹಾಗೆ ಇಟ್ಟೆ, ಮರಳಿನ ಗಡಿಯಾರ ತಿರುಗಿಸಿ ಪಕ್ಕದಲ್ಲಿ ನೆಲದ ಮೇಲೆ ಕೂತೆ, ಅವನ ಮುಖ ನೋಡದೆ. ಮರಳು ಇಳಿದು ಮುಗಿದಾಗ ಅವನೇ ಬಂದು ಬೋರ್ಡ್ ಮುಟ್ಟಿದ.

ಇಂಥದ್ದು ಪುಸ್ತಕ ಓದಿದರೆ ಬರಲ್ಲ. ಗೊತ್ತಿರುವವರ ಪಕ್ಕ ಕೂತು ನೋಡಿದರೆ ಮಾತ್ರ ಬರುತ್ತೆ. ಅದಕ್ಕೇ ಹೇಳ್ತೀನಿ, ಬರೀ ಟಿಎ ಕೆಲಸಕ್ಕಿಂತ ಅಪ್ರೆಂಟಿಸ್ ಆಗಿ ಹೋಗೋದು ಒಳ್ಳೇದು, ಕಲಿಸೋದು ಅವರ ಕರ್ತವ್ಯ ಆಗಿರುತ್ತೆ.

ಬೆಣ್ಣೆದೋಸೆ:

ಕರ್ತವ್ಯ ಆಗಿರುತ್ತೆ, ಆದರೆ ಎಲ್ಲ ಶಾಲೆಯವರೂ ಮಾಡಲ್ಲ. ನಿಮ್ಮ ಉತ್ಸಾಹ ಕುಗ್ಗಿಸೋಕೆ ಹೇಳ್ತಿಲ್ಲ ಮಲೆನಾಡ ಮಳೆ ಅವರೇ, ಆದರೆ ನನಗಾಗಿದ್ದು ನಿಮಗೆ ಆಗಬಾರದು.

ನಾನು ಮಿಡ್‌ಲ್ಯಾಂಡ್ಸ್‌ನ ಒಂದು ಶಾಲೆಯಲ್ಲಿ ಸೇರಿದೆ, ಹೆಸರು ಬೇಡ. ಕಾಗದದ ಮೇಲೆ ವಾರದಲ್ಲಿ ಒಂದು ಮಧ್ಯಾಹ್ನ ಓದಿಗೆ ಅಂತಿತ್ತು. ನಡೆದದ್ದೇ ಬೇರೆ. ಯಾರೋ ಟಿಎ ರಜೆ ಹಾಕಿದರೆ ಅವರ ಜಾಗಕ್ಕೆ ನಾನು, ಊಟದ ಹಾಲ್‌ನಲ್ಲಿ ಜನ ಕಡಿಮೆ ಆದರೆ ಅಲ್ಲಿಗೂ ನಾನು. ಪೋರ್ಟ್‌ಫೋಲಿಯೊ, ಅಂದ್ರೆ ಕಲಿತದ್ದಕ್ಕೆ ಪುರಾವೆ ಜೋಡಿಸಿಡುವ ಕೆಲಸವೆಲ್ಲ ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ. ಅಪ್ರೆಂಟಿಸ್‌ಗೆ ಕೊಡುವ ತರಬೇತಿ ಸಂಬಳದ ಗಂಟೆಗಳ ಒಳಗೇ ಆಗಬೇಕು, ಅದು ನಿಯಮ. ನಿಮಗೆ ಮೊದಲೇ ಒಂದು ಟ್ರೈನಿಂಗ್ ಪ್ಲಾನ್ ಕೊಟ್ಟು ಸಹಿ ಹಾಕಿಸಿಕೊಳ್ತಾರೆ. ಒಟ್ಟು ಎಷ್ಟು ಗಂಟೆ ತರಬೇತಿ ಅನ್ನೋದು ಅದರಲ್ಲೇ ಇರುತ್ತೆ. ಅದನ್ನು ಓದದೆ ಸಹಿ ಹಾಕಬೇಡಿ. ಆ ಗಂಟೆಗಳು ಟೈಮ್ ಟೇಬಲ್‌ನಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ರೂಮಿನಲ್ಲಿ ಅಂತ ಕೇಳಿ. ‘ನೋಡೋಣ, ಆಮೇಲೆ ಹೊಂದಿಸೋಣ’ ಅಂದ್ರೆ ಹುಷಾರು.

ನನ್ನ ವಿಷಯ ಸರಿಹೋಗಿದ್ದು ಮೂವರೂ ಕೂರುವ ರಿವ್ಯೂನಲ್ಲಿ. ನಾನು, ಶಾಲೆಯವರು, ಟ್ರೈನಿಂಗ್ ಸಂಸ್ಥೆಯ ಟ್ಯೂಟರ್. ಕೈತಪ್ಪಿದ ಮಧ್ಯಾಹ್ನಗಳ ತಾರೀಖು ಬರೆದಿಟ್ಟಿದ್ದೆ, ಟ್ಯೂಟರ್ ಮುಂದೆ ಇಟ್ಟೆ. ಅವರೇ ಗಟ್ಟಿಯಾಗಿ ಮಾತಾಡಿದರು, ಆಮೇಲೆ ಮಧ್ಯಾಹ್ನ ಸಿಕ್ಕಿತು. ನಾವು ‘ಕೆಲಸ ಕೊಟ್ಟಿದ್ದಾರಲ್ಲ, ಅದೇ ದೊಡ್ಡದು’ ಅಂತ ಸುಮ್ಮನಿದ್ದುಬಿಡ್ತೀವಿ. ಇರಬಾರದು.

ಇನ್ನೂ ಒಂದು. ಟರ್ಮ್ ನಡುವೆ ರಜೆ ಸಿಗಲ್ಲ. ಮಕ್ಕಳ ರಜೆ ಮತ್ತು ನಮ್ಮ ರಜೆ ಒಂದೇ ಆಗೋದು ದೊಡ್ಡ ಅನುಕೂಲ, ಆದರೆ ತಮ್ಮನ ಮದುವೆ ನವೆಂಬರ್‌ನಲ್ಲಿ ಬಂದರೆ ಕಷ್ಟ. ಊರಿಗೆ ಹೋಗೋದು ಆಗಸ್ಟ್‌ನಲ್ಲೇ, ಟಿಕೆಟ್ ಬೆಲೆ ಏರಿರುವಾಗಲೇ. ಮನೆಯಲ್ಲಿ ಎಲ್ಲರಿಗೂ ಈಗಲೇ ಹೇಳಿಬಿಡಿ.

ಮಲೆನಾಡ ಮಳೆ:

ಓದಿ ಓದಿ ಕಣ್ಣು ತುಂಬಿ ಬಂತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನರಸೀಪುರದ ಅಕ್ಕ ಬರೆದ ಅಂಗನವಾಡಿ ಮಾತನ್ನು ಅತ್ತೆಗೆ ಓದಿ ಹೇಳಿದೆ. ಅವರ ಅಕ್ಕನೇ ಅಂಗನವಾಡಿ ಟೀಚರ್ ಆಗಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಈಗ ಅವರೇ ‘ಅರ್ಜಿ ಹಾಕಿದ್ಯಾ’ ಅಂತ ಕೇಳ್ತಿದ್ದಾರೆ.

ಶಾಲೆಗೆ ಫೋನ್ ಮಾಡಿದೆ. ಸಂಬಳ ಮೊದಲ ವರ್ಷ ಅಪ್ರೆಂಟಿಸ್ ದರವೇ, ಓದಿಗೆ ಗುರುವಾರ ಮಧ್ಯಾಹ್ನ ಬಿಡುತ್ತಾರೆ, ಟೈಮ್ ಟೇಬಲ್‌ನಲ್ಲಿ ಇದೆ ಅಂದರು. ಅರ್ಜಿ ಹಾಕುತ್ತೇನೆ. ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ? ನನ್ನ ಇಂಗ್ಲಿಷ್ ವ್ಯಾಕರಣ ಪರವಾಗಿಲ್ಲ, ಆದರೆ ಮಾತಾಡುವಾಗ ತಡವರಿಸುತ್ತೆ. ಇಂಗ್ಲಿಷ್, ಗಣಿತ ಪರೀಕ್ಷೆ ಬೇರೆ ಬರೀಬೇಕಾ?

ಕಡಲತಡಿ:

ನಾನು ಪ್ರೈಮರಿ ಟೀಚರ್, ಮೂಲ ಕುಂದಾಪುರ. ನಮ್ಮ ಶಾಲೆಯಲ್ಲಿ ಟಿಎ ಇಂಟರ್‌ವ್ಯೂಗಳಲ್ಲಿ ಕೂರುತ್ತೇನೆ, ಹಾಗಾಗಿ ಮೇಜಿನ ಈ ಕಡೆಯಿಂದ ನಾವು ಏನು ನೋಡ್ತೇವೆ ಅಂತ ಹೇಳ್ತೇನೆ.

ಮೊದಲು ಪರೀಕ್ಷೆಯ ವಿಷಯ. 19 ದಾಟಿದ ಅಪ್ರೆಂಟಿಸ್‌ಗಳಿಗೆ ಇಂಗ್ಲಿಷ್, ಗಣಿತದ ಬೇರೆ ಸರ್ಟಿಫಿಕೇಟ್ 2025ರಿಂದ ಕಡ್ಡಾಯ ಅಲ್ಲ, ಶಾಲೆಯವರು ಬೇಕು ಅಂದರೆ ಮಾತ್ರ. ಕೆಲವು ಶಾಲೆಗಳು ಕೇಳುತ್ತವೆ, ಜಾಹೀರಾತಿನಲ್ಲಿ ನೋಡಿಕೊಳ್ಳಿ.

ಉಚ್ಚಾರಣೆ ಬಗ್ಗೆ ಹೆದರಬೇಡಿ. ನಾವು ನೋಡೋದು ಮಗುವಿಗೆ ಅರ್ಥವಾಗುವ ಹಾಗೆ ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳ್ತಾರಾ ಅನ್ನೋದು. ಸಾಮಾನ್ಯವಾಗಿ ನಾಲ್ಕೈದು ಮಕ್ಕಳ ಜೊತೆ ಹತ್ತು ಹದಿನೈದು ನಿಮಿಷ ಒಂದು ಕಥೆ ಓದಿ ಅಂತ ಬಿಡ್ತೇವೆ. ಆಗ ಪುಸ್ತಕ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡೀತಾರಾ, ಮಕ್ಕಳ ಎತ್ತರಕ್ಕೆ ಕೂರುತ್ತಾರಾ, ಮಾತಾಡದ ಮಗುವನ್ನು ಗಮನಿಸ್ತಾರಾ, ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯ್ತಾರಾ? ಈ ಕಾಯೋದು ತುಂಬಾ ಜನರಿಗೆ ಆಗಲ್ಲ, ಮಗು ಬಾಯಿ ತೆಗೆಯುವ ಮೊದಲೇ ತಾವೇ ಉತ್ತರ ಹೇಳಿಬಿಡ್ತಾರೆ. ತಡವರಿಸಿ ನಿಧಾನವಾಗಿ ಮಾತಾಡುವವರು ಎಷ್ಟೋ ಸಲ ಇದರಲ್ಲಿ ಮುಂದೆ.

ಒಂದು ಪ್ರಶ್ನೆ ಎಲ್ಲ ಇಂಟರ್‌ವ್ಯೂನಲ್ಲೂ ಬರುತ್ತೆ ಅಂತಲೇ ಇಟ್ಟುಕೊಳ್ಳಿ. ಮಗು ನಿಮ್ಮ ಹತ್ತಿರ ಬಂದು ‘ಒಂದು ಗುಟ್ಟು ಹೇಳ್ತೀನಿ, ಯಾರಿಗೂ ಹೇಳಬೇಡಿ’ ಅಂದರೆ ಏನು ಮಾಡ್ತೀರಿ? ‘ಆಯ್ತು ಪುಟ್ಟಾ, ಹೇಳಲ್ಲ’ ಅನ್ನಬಾರದು. ಯಾವತ್ತೂ ಆ ಮಾತು ಕೊಡಬಾರದು. ‘ನಿನ್ನನ್ನು ಕ್ಷೇಮವಾಗಿ ಇಡಬೇಕಾದರೆ ಸಹಾಯ ಮಾಡುವವರಿಗೆ ನಾನು ಹೇಳಬೇಕಾಗಬಹುದು’ ಅನ್ನಬೇಕು. ಆಮೇಲೆ ಕೇಳಿಸಿಕೊಳ್ಳಬೇಕು, ಸುಮ್ಮನೆ. ‘ಅಪ್ಪ ಹೊಡೆದರಾ?’ ಅಂತ ಉತ್ತರ ನಾವೇ ಬಾಯಿಗೆ ಹಾಕಬಾರದು. ಮಗು ಹೇಳಿದ ಮಾತನ್ನು ಮಗುವಿನ ಮಾತಿನಲ್ಲೇ ಬರೆದು, ತಡಮಾಡದೆ ಶಾಲೆಯ ಸೇಫ್‌ಗಾರ್ಡಿಂಗ್ ಲೀಡ್‌ಗೆ ತಲುಪಿಸಬೇಕು. ಡಿಎಸ್‌ಎಲ್ ಅಂತಾರೆ, ಪ್ರತಿ ಶಾಲೆಯಲ್ಲೂ ಒಬ್ಬರು ಇರಲೇಬೇಕು. ‘ಕೀಪಿಂಗ್ ಚಿಲ್ಡ್ರನ್ ಸೇಫ್ ಇನ್ ಎಜುಕೇಶನ್’ ಅನ್ನೋ ಸರ್ಕಾರಿ ದಾಖಲೆ ಉಚಿತವಾಗಿ ಸಿಗುತ್ತೆ. ಅದರ ಮೊದಲ ಭಾಗ ಮಕ್ಕಳ ಜೊತೆ ಕೆಲಸ ಮಾಡುವವರೆಲ್ಲ ಓದಬೇಕಾದ್ದು. ನೀವು ಇಂಟರ್‌ವ್ಯೂಗೆ ಮೊದಲೇ ಓದಿ ಬಂದರೆ ನಮಗೆ ತಕ್ಷಣ ಗೊತ್ತಾಗುತ್ತೆ.

ಇದರ ಜೊತೆಗೇ ಬರುವ ಮಾತು. ಶಾಲೆಯಲ್ಲಿ ಕಂಡಿದ್ದು ಶಾಲೆಯಲ್ಲೇ ಇರಬೇಕು. ಆ ಶಾಲೆಯಲ್ಲಿ ನಮ್ಮ ಕನ್ನಡದವರ ಮಕ್ಕಳೂ ಇರಬಹುದು. ಯುಗಾದಿ ಕಾರ್ಯಕ್ರಮದಲ್ಲಿ ಸಿಕ್ಕ ಅಮ್ಮಂದಿರು ‘ನಮ್ಮ ಮಗ ಹೇಗೆ ಓದ್ತಾನೆ, ಆ ಇನ್ನೊಂದು ಹುಡುಗ ಹೊಡೀತಾನಂತೆ ಹೌದಾ’ ಅಂತ ಕೇಳೇ ಕೇಳ್ತಾರೆ. ‘ಕ್ಲಾಸ್ ಟೀಚರ್ ಹತ್ತಿರ ಕೇಳಿ’ ಅಂತ ನಗುನಗುತ್ತಾ ಹೇಳೋದು ಅಭ್ಯಾಸ ಮಾಡಿಕೊಳ್ಳಿ.

ಅರ್ಜಿಯಲ್ಲಿ ಕೆಲಸ ಬಿಟ್ಟ ವರ್ಷಗಳನ್ನು ಖಾಲಿ ಬಿಡಬೇಡಿ. ಮಕ್ಕಳ ಜೊತೆ ಕೆಲಸ ಮಾಡುವವರ ಜೀವನದಲ್ಲಿ ಲೆಕ್ಕ ಸಿಗದ ವರ್ಷ ಇದ್ದರೆ ನಾವು ಕೇಳಲೇಬೇಕು. ‘ಮಗಳನ್ನು ನೋಡಿಕೊಂಡೆ’ ಅಂತ ನೇರವಾಗಿ ತಿಂಗಳು, ವರ್ಷ ಸಮೇತ ಬರೆಯಿರಿ, ಅದು ಕೊರತೆಯಲ್ಲ. ಇಂಟರ್‌ವ್ಯೂಗೆ ಮುಂಚೆ ಮಗಳ ಶಾಲೆಯಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಓದಿಸಲು ವಾಲಂಟಿಯರ್ ಆಗಿ ಹೋಗಲು ಆಗುತ್ತಾ ಕೇಳಿ. ಹೇಳಿಕೊಳ್ಳೋಕೆ ಅನುಭವ ಆಗುತ್ತೆ, ಮಕ್ಕಳ ಗದ್ದಲ ನಿಮಗೆ ಹೊಂದುತ್ತಾ ಅನ್ನೋದೂ ತಿಳಿಯುತ್ತೆ.

ಈ ದಾರಿ ನೋಡುತ್ತಿರುವ ಬೇರೆಯವರಿಗೂ ಒಂದು ಮಾತು. ಊರಲ್ಲಿ ಬಿ.ಎಡ್ ಮಾಡಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸಿದವರು ನೇರ ಟಿಎ ಅಪ್ರೆಂಟಿಸ್‌ಗೆ ಇಳಿಯಬೇಡಿ. 2023ರಿಂದ ಭಾರತದ ಅಂಥ ಟೀಚರ್‌ಗಳು ಇಲ್ಲಿನ ಟೀಚರ್ ಮಾನ್ಯತೆಗೆ, ಅಂದ್ರೆ ಕ್ಯೂಟಿಎಸ್‌ಗೆ ಅರ್ಜಿ ಹಾಕುವ ದಾರಿ ಇದೆ. ಇನ್ನು ಇದೆಲ್ಲ ಇಂಗ್ಲೆಂಡಿನ ಲೆಕ್ಕ, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಇರುವವರು ಅಲ್ಲಿನ ನಿಯಮ ಬೇರೆಯಾಗಿ ನೋಡಿ.

ಮಲೆನಾಡ ಮಳೆ:

ಗುಟ್ಟಿನ ಪ್ರಶ್ನೆಗೆ ನಾನು ಖಂಡಿತ ‘ಹೇಳಲ್ಲ ಪುಟ್ಟಾ’ ಅಂತಿದ್ದೆ. ಆ ದಾಖಲೆ ಡೌನ್‌ಲೋಡ್ ಮಾಡಿಕೊಂಡೆ, ಇವತ್ತೇ ಓದೋಕೆ ಶುರು ಮಾಡ್ತೀನಿ. ಇಂಡಿಯಾದ ಪೊಲೀಸ್ ಸರ್ಟಿಫಿಕೇಟ್ ಬೇಕಾಗುತ್ತಾ, ಯಾವಾಗ?

ನರಸೀಪುರದವಳು:

ಕೆಲಸ ಸಿಕ್ಕ ಮೇಲೆ ಡಿಬಿಎಸ್ ಚೆಕ್, ಅಂದ್ರೆ ಅಪರಾಧ ದಾಖಲೆ ಇದೆಯಾ ಅನ್ನೋ ತಪಾಸಣೆ, ಶಾಲೆಯವರೇ ಮಾಡಿಸ್ತಾರೆ. ಆದರೆ ಅದರಲ್ಲಿ ಬರೋದು ಇಲ್ಲಿನ ದಾಖಲೆ ಮಾತ್ರ, ಹೊರದೇಶದಲ್ಲಿ ಇದ್ದವರ ಬಗ್ಗೆ ಶಾಲೆ ಬೇರೆ ವಿಚಾರಣೆಯನ್ನೂ ಮಾಡಬೇಕು. ನನ್ನ ಹತ್ತಿರ ಇಂಡಿಯಾದ ಪಿಸಿಸಿ, ಅಂದ್ರೆ ನೀವು ಹೇಳಿದ ಪೊಲೀಸ್ ಸರ್ಟಿಫಿಕೇಟ್, ಕೇಳಿದ್ದರು. ಲಂಡನ್‌ನ ಭಾರತದ ಹೈಕಮಿಷನ್‌ಗೆ ವಿಎಫ್‌ಎಸ್ ಅನ್ನೋ ಏಜೆನ್ಸಿ ಮೂಲಕ ಅರ್ಜಿ ಹಾಕೋದು, ನಿಮ್ಮ ಪಾಸ್‌ಪೋರ್ಟಿನ ವಿಳಾಸ ಹಳೇದಾಗಿದ್ದರೆ ಊರಿನ ಠಾಣೆಯಿಂದ ವಿಚಾರಣೆಗೆ ಮನೆಗೆ ಬರಬಹುದು, ಮನೆಯವರಿಗೆ ಮೊದಲೇ ತಿಳಿಸಿಡಿ. ಆಫರ್ ಕೈಗೆ ಬಂದ ದಿನವೇ ಹಾಕಿಬಿಡಿ. ರೆಫರೆನ್ಸ್‌ಗೆ ಸಹಕಾರ ಸಂಘದ ಹಳೇ ಮ್ಯಾನೇಜರ್ ಇಮೇಲ್ ಇದೆಯಾ? ಇಲ್ಲದಿದ್ದರೆ ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ, ಇಲ್ಲಿನವರು ನಾವೇ ತಂದುಕೊಡುವ ಪತ್ರ ಒಪ್ಪಲ್ಲ, ತಾವೇ ನೇರವಾಗಿ ಬರೆದು ವಿಚಾರಿಸ್ತಾರೆ.